ಮಧ್ಯಾಹ್ನವೂ ಕಫ ಪರೀಕ್ಷೆ ಆಗಬೇಕು

ಕ್ಷಯ ಪರೀಕ್ಷೆ ಮುಂಬಯಿಯ ಬಸ್ತಿಗಳಿಗೇ, ಅಂದರೆ ಕೊಳೆಗೇರಿಗಳಿಗೇ ಹೋಗಬೇಕು ಅಂತ ಬರೆದಿದ್ದೀರಿ. ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ನಮ್ಮ ಹೋಟೆಲ್ ಹುಡುಗರ ವಿಷಯ ಬಿಟ್ಟುಹೋಗಿದೆ. ಎಷ್ಟೋ ಹುಡುಗರು ಹೋಟೆಲಿನ ಮಾಳಿಗೆಯಲ್ಲೇ ಸಾಲಾಗಿ ಮಲಗುತ್ತಾರೆ. ಗಾಳಿಗೆ ಒಂದು ಕಿಟಕಿಯೂ ಇರುವುದಿಲ್ಲ. ಬೆಳಗ್ಗೆ ಇಡ್ಲಿ, ದೋಸೆಯ ರಶ್ ಇರುವಾಗಲೇ ಸರಕಾರಿ ಓಪಿಡಿ. ಯಾವ ಹುಡುಗ ಹೋಗುತ್ತಾನೆ ಹೇಳಿ? ಊಟದ ಹೊತ್ತು ಮುಗಿದ ಮೇಲೆ ಒಂದಿಷ್ಟು ಬಿಡುವು ಸಿಗುತ್ತದೆ, ಆಗ ಕೇಂದ್ರ ತೆರೆದಿರಬೇಕು.

ಯಾದಗಿರಿ ಕಡೆಯ ಹುಡುಗನೊಬ್ಬನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಪುಟ್ಟ ಡಬ್ಬಿ ಕೊಟ್ಟು ಹಿಂದಿಯಲ್ಲಿ ಗಡಿಬಿಡಿಯಿಂದ ಏನೋ ಹೇಳಿದರು. ಅವನು ಬರೀ ಉಗುಳು ತುಂಬಿಸಿ ಕೊಟ್ಟ. ಎದೆಯಿಂದ ಕೆಮ್ಮಿ ತೆಗೆದ ಕಫ ಬೇಕು ಅಂತ ಅವನಿಗೆ ತಿಳಿದಿದ್ದು ಡಬ್ಬಿ ವಾಪಸ್ ಬಂದ ಮೇಲೆ. ಕಫದಲ್ಲಿ ಕ್ಷಯದ ರೋಗಾಣು ಹುಡುಕುವ ಸಿಬಿನ್ಯಾಟ್ ಯಂತ್ರ ಸುಮಾರು 2 ಗಂಟೆಯಲ್ಲಿ ರೋಗ ಹಿಡಿಯುತ್ತದೆ, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ತಾಗುತ್ತದೋ ಇಲ್ಲವೋ ಅಂತಲೂ ಹೇಳುತ್ತದೆ. ಸ್ಯಾಂಪಲ್ಲೇ ಸರಿ ಇಲ್ಲದಿದ್ದರೆ ಯಂತ್ರ ಏನು ಮಾಡೀತು?

ಟಿಬಿ ಅಂತ ಗೊತ್ತಾದ ಕೂಡಲೇ ಊರಿಗೆ ಕಳಿಸಿಬಿಡುವ ಧಣಿಗಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಾತ್ರೆ ಅರ್ಧಕ್ಕೇ ನಿಲ್ಲುತ್ತದೆ. ಮಾಮೂಲಿ ಟಿಬಿಗೆ 6 ತಿಂಗಳ ಮಾತ್ರೆ, ಸರಕಾರದಿಂದ ಪೂರ್ತಿ ಉಚಿತ. ಪೌಷ್ಟಿಕ ಆಹಾರಕ್ಕೆ ಕೊಡುವ ಹಣವೂ 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿದೆ. ಊರಿಗೆ ಹೋಗಲೇಬೇಕಾದರೆ ನಿಕ್ಷಯ್ ಐಡಿ (ಟಿಬಿ ರೋಗಿಗೆ ಸರಕಾರ ಕೊಡುವ ನೋಂದಣಿ ಸಂಖ್ಯೆ) ಬರೆದುಕೊಂಡು ಹೋಗಲಿ, ಊರಿನ ಸರಕಾರಿ ಆಸ್ಪತ್ರೆಯಲ್ಲೇ ಮುಂದುವರಿಸಬಹುದು. ಜೊತೆಗೆ ಮಲಗುತ್ತಿದ್ದವರಿಗೂ ಪರೀಕ್ಷೆ ಆಗಲೇಬೇಕು.

ಇಲ್ಲಿನ ಕನ್ನಡ ಸಂಘಗಳ ಹಾಲ್ ಮಧ್ಯಾಹ್ನ ಖಾಲಿ ಇರುವುದೇ ಜಾಸ್ತಿ. ಪಾಲಿಕೆಯವರನ್ನು ಕರೆಸಿ ಅಲ್ಲೇ ತಪಾಸಣೆ ಇಡಬಹುದಲ್ವಾ? ಕನ್ನಡದಲ್ಲಿ ವಿವರಿಸಿ ಹೇಳಲು ನಾವು ಕೆಲವರು ಬಂದು ನಿಲ್ಲುತ್ತೇವೆ.