ಬಾಣಂತಿ ಕೋಣೆಯಲ್ಲಿ ಓದಿದ ವಾರ

ಭಾನುವಾರದ ಬರಹ ಈ ಸಲ ಮಂಗಳವಾರ ಬರುತ್ತಿದೆ. ಮನೆಯಲ್ಲಿ ಬಾಣಂತಿ ಇದ್ದಾಳೆ. ಮಗಳಿಗೆ ಹೆರಿಗೆಯಾಗಿ ಇವತ್ತಿಗೆ ಹದಿನೇಳು ದಿನ. ಪುಟ್ಟಿ ಹಗಲೆಲ್ಲ ನಿದ್ದೆ ಹೊಡೆದು ರಾತ್ರಿ ಹನ್ನೊಂದಕ್ಕೆ ಕಣ್ಣು ಬಿಡುತ್ತಾಳೆ. ಬೆಳಗಾದರೆ ಎಣ್ಣೆ ನೀರು, ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿ, ಮುಗಿಯದ ಬಟ್ಟೆ. ಮಗುವಿಗೆ ಸಾಂಬ್ರಾಣಿ ಹೊಗೆ ಬೇಡ ಅಂದಿದ್ದಾರೆ ಡಾಕ್ಟರ್. ಬಜೆ ತೇಯ್ದು ನೆಕ್ಕಿಸುವುದೂ ಬೇಡವಂತೆ. ನಮ್ಮತ್ತೆ ಇದ್ದಿದ್ದರೆ ಆ ಡಾಕ್ಟರಿಗೇ ಬಜೆ ನೆಕ್ಕಿಸಿ ಕಳಿಸುತ್ತಿದ್ದರು.

ಇದರ ಮಧ್ಯೆ ಎರಡು ಪುಸ್ತಕ ಓದಿದೆ. ಎರಡೂ ಹಳೆಯವು, ಎರಡೂ ಮೊದಲೇ ಓದಿದ್ದವು. ತ್ರಿವೇಣಿಯವರ ‘ಶರಪಂಜರ’ ಮತ್ತು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಆರಿಸಿ ತೆಗೆದದ್ದಲ್ಲ. ತೊಟ್ಟಿಲಿಗೆ ಜಾಗ ಮಾಡಲು ಕಪಾಟು ಸರಿಸುವಾಗ ಕೈಗೆ ಸಿಕ್ಕವು. ಮಗು ಮಲಗಿದಾಗ ನಾಲ್ಕು ಪುಟ, ಎದ್ದಾಗ ಮುಚ್ಚಿಡು. ಪುಟ ಗುರುತಿಗೆ ಮಗುವಿನ ಕಾಲುಚೀಲ.

ಶರಪಂಜರ ಅಂದ ಕೂಡಲೇ ಜಾಸ್ತಿ ಜನರಿಗೆ ನೆನಪಾಗುವುದು ಪುಟ್ಟಣ್ಣ ಕಣಗಾಲರ 1971ರ ಸಿನಿಮಾ, ಕಲ್ಪನಾ ಅವರ ಕಣ್ಣು. ನನಗೂ ಹಾಗೇ ಇತ್ತು. ಬಾಣಂತನದಲ್ಲಿ ಕತೆಯ ನಾಯಕಿ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ವಾಸಿಯಾಗಿ ಮನೆಗೆ ಬರುತ್ತಾಳೆ. ಈ ಸಲ ನನಗೆ ಕಾಡಿದ್ದು ಅವಳು ವಾಸಿಯಾಗಿ ಬಂದ ಮೇಲಿನ ಕತೆ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಡಾಕ್ಟರು ಗುಣವಾಯಿತು ಅಂದಿದ್ದಾರೆ, ಆದರೆ ಗಂಡ ಅನ್ನುತ್ತಿಲ್ಲ, ಊರು ಅನ್ನುತ್ತಿಲ್ಲ. ಕಾಯಿಲೆ ಬಿಟ್ಟು ಹೋದ ಮೇಲೂ ಹೆಸರು ಬಿಡುವುದಿಲ್ಲ. ಕೊನೆಗೆ ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುವುದು ಆ ಮನೆಯೇ. ಮಧ್ಯರಾತ್ರಿ, ಪಕ್ಕದಲ್ಲಿ ಮಗಳು ಮಗುವಿಗೆ ಹಾಲು ಕೊಡುತ್ತಾ ಕೂತಿರುವಾಗ ಇದನ್ನು ಓದುವುದು ಸುಲಭವಿರಲಿಲ್ಲ. ಪುಸ್ತಕದ ರಟ್ಟು ಅವಳಿಗೆ ಕಾಣದ ಹಾಗೆ ಹಿಡಿದುಕೊಂಡಿದ್ದೆ.

ಈಗ ಹೇಳಬೇಕಾದ್ದು ಹೇಳುತ್ತೇನೆ. ಇಷ್ಟು ವರ್ಷ ಎಲ್ಲೂ ಬರೆದಿಲ್ಲ.

1995ರಲ್ಲಿ ನನ್ನ ಬಾಣಂತನ ಸಾಗರದ ತವರುಮನೆಯಲ್ಲಿ ಆಯಿತು. ನಾಲ್ಕನೇ ದಿನಕ್ಕೆ ಅಳು ಶುರುವಾಯಿತು. ಯಾಕೆ ಅಂತ ಗೊತ್ತಿಲ್ಲ. ಮೂರು ವಾರ ಕಳೆದರೂ ನಿಲ್ಲಲಿಲ್ಲ. ಮಗು ಮಲಗಿದರೂ ನನಗೆ ನಿದ್ದೆ ಬಾರದು. ದೃಷ್ಟಿಯಾಗಿದೆ ಅಂದರು, ಮೆಣಸಿನಕಾಯಿ ನಿವಾಳಿಸಿದರು. ಗಂಡು ಮಗು ಆಗಲಿಲ್ಲ ಅಂತ ಅಳುತ್ತಿದ್ದಾಳೆ ಅಂದರು ಪಕ್ಕದ ಮನೆಯವರು. ಅಮ್ಮ ಪಾಪ, ಇನ್ನೊಂದು ತುತ್ತು ತುಪ್ಪ ಜಾಸ್ತಿ ಹಾಕುತ್ತಿದ್ದಳು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: ಮಗು ಹಾಲು ಕುಡಿಯುತ್ತಾ? ಹಾಲು ಸಾಕಾಗುತ್ತಾ?

ಆಗ ಶಿವಮೊಗ್ಗದಿಂದ ಚಿಕ್ಕಮ್ಮ ಬಂದಳು. ಡಬ್ಬಿ ತುಂಬಾ ಅಂಟಿನುಂಡೆ ತಂದಿದ್ದಳು. ಮಗುವನ್ನು ನೋಡಿದಳು, ಆಮೇಲೆ ಬಾಗಿಲು ಸರಿಸಿ ನನ್ನ ಮಂಚದ ಮೇಲೆ ಕೂತಳು.

“ರಾತ್ರಿ ನಿದ್ದೆ ಬರುತ್ತೇನೆ?”

ಇಲ್ಲ ಅಂದೆ.

“ತಲೇಲಿ ಏನಾದ್ರೂ ಕೆಟ್ಟ ಯೋಚನೆ ಬರುತ್ತಾ?”

ಅದನ್ನು ಯಾರೂ ಕೇಳಿರಲಿಲ್ಲ. ಹಿತ್ತಲಿನ ಬಾವಿ ಹತ್ತಿರ ಮಗು ಎತ್ತಿಕೊಂಡು ಹೋಗಲು ಭಯವಾಗುತ್ತದೆ ಅಂದೆ. ಎಲ್ಲಿ ಕೈಬಿಟ್ಟುಬಿಡುತ್ತೇನೋ ಅನ್ನಿಸುತ್ತದೆ ಅಂದೆ. ಅವಳು ಬೆಚ್ಚಿಬೀಳಲಿಲ್ಲ. ಅದೊಂದೇ ಮುಖ ನನಗೆ ಇವತ್ತಿಗೂ ನೆನಪಿರುವುದು. ಹೊರಗೆ ಹೋಗಿ ಅಮ್ಮನಿಗೆ ಹೇಳಿದಳು, “ಅಕ್ಕ, ಇವತ್ತಿಂದ ಮಗು ನನ್ನ ಹತ್ರ ಮಲಗುತ್ತೆ, ಹಾಲಿಗೆ ಮಾತ್ರ ಇವಳನ್ನ ಎಬ್ಬಿಸ್ತೀನಿ. ನಾಳೆ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸೋಣ.” ಯಾವ ಡಾಕ್ಟರು ಅಂತ ಗೊತ್ತಾದ ಕೂಡಲೇ ಅಮ್ಮ ಗಾಬರಿಯಾದಳು. ಹುಚ್ಚು ಅಂತ ಹೆಸರು ಬಿದ್ದರೆ ಏನು ಗತಿ, ಅಳಿಯಂದಿರು ಏನಂದುಕೊಂಡಾರು ಅಂದಳು. ಚಿಕ್ಕಮ್ಮನ ಉತ್ತರ ಗೋಡೆಯಾಚೆಯಿಂದ ನನಗೆ ಕೇಳಿಸಿತು: “ನೀನು ತ್ರಿವೇಣಿ ಓದಿಲ್ಲ, ಸುಮ್ನಿರು.”

ಚಿಕ್ಕಮ್ಮ ಓದಿದ್ದು ಎಸ್ಸೆಸ್ಸೆಲ್ಸಿ. ಮದುವೆಯಾದ ಮೇಲೆ ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ಕಾದಂಬರಿ ತಂದು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಓದುತ್ತಿದ್ದಳು. ಒಂದು ದಿನ ತಡವಾದರೆ ಒಂದು ದಿನದ ಬಾಡಿಗೆ ಜಾಸ್ತಿ, ಅದಕ್ಕೇ ಬೇಗ ಓದುವುದು ಕಲಿತೆ ಅನ್ನುತ್ತಿದ್ದಳು. ನನಗೆ ಮಾತ್ರೆ ಕೊಟ್ಟರು, ನಾಲ್ಕೈದು ತಿಂಗಳಲ್ಲಿ ಸರಿಹೋದೆ. ಹಾಗಂತ ಅದು ನಮ್ಮ ಮನೆಯಲ್ಲಿ ‘ಆವಾಗ ಸ್ವಲ್ಪ ಸುಸ್ತಾಗಿತ್ತು’ ಅನ್ನುವ ಹೆಸರಲ್ಲೇ ಉಳಿದುಕೊಂಡಿದೆ.

ಹೆಂಗಸರು ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಅಂತ ಮೂಗು ಮುರಿಯುತ್ತಿದ್ದ ಕಾಲವೊಂದಿತ್ತು. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೆ. ತ್ರಿವೇಣಿ ಮನಃಶಾಸ್ತ್ರ ಓದಿದ್ದವರು. ಪಾಠದಲ್ಲಿ ಕಲಿತದ್ದನ್ನು ಅಡುಗೆಮನೆಗೆ ಅರ್ಥವಾಗುವ ಕನ್ನಡದಲ್ಲಿ ಬರೆದರು. ಅದು ಅಡುಗೆಮನೆಗೆ ಹೋಯಿತು, ಅಲ್ಲಿಂದ ಬಾಣಂತಿ ಕೋಣೆಗೆ ಬಂತು. ಅವರೇ ಇನ್ನೂ 35 ತುಂಬುವ ಮೊದಲು, 1963ರ ಜುಲೈಯಲ್ಲಿ, ಹೆರಿಗೆಯಾದ ಕೆಲವೇ ದಿನಗಳಿಗೆ ತೀರಿಕೊಂಡರು. ಬರೆದದ್ದು ಹತ್ತು ಹನ್ನೆರಡು ವರ್ಷ, ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ. ಬಾಣಂತಿಯ ನೋವು ಬರೆದವರು ಬಾಣಂತಿಯಾಗಿಯೇ ಹೋದರು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಫಣಿಯಮ್ಮನ ಬಗ್ಗೆ ಒಂದೇ ಮಾತು. ಅದು ಇಂದಿರಾ ಅವರ ಮನೆತನದಲ್ಲೇ ಬದುಕಿದ್ದ ಹೆಂಗಸಿನ ಕತೆ. ಬಾಲ್ಯದಲ್ಲೇ ವಿಧವೆಯಾದವಳು, ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಊರವರ ಹೆರಿಗೆಗೆಲ್ಲ ಓಡಾಡಿದವಳು. ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಎಳೆಯ ವಿಧವೆ ದಾಕ್ಷಾಯಿಣಿ ಹಟ ಹಿಡಿದಾಗ, ಅವಳ ಪರ ನಿಂತದ್ದೂ ಈ ಮಡಿ ಅಜ್ಜಿಯೇ. ಅಜ್ಜಿ ತನ್ನ ಕತೆಯನ್ನು ಇಂದಿರಾ ಅವರ ತಾಯಿಗೆ ಹೇಳಿದ್ದಳು, ತಾಯಿ ಮಗಳಿಗೆ ಹೇಳಿದರು, ಮಗಳು 1976ರಲ್ಲಿ ಪುಸ್ತಕ ಮಾಡಿದರು. ಇಂದಿರಾ ಅವರ ಮೊದಲ ಕಾದಂಬರಿ ಬಂದದ್ದೇ 46ನೇ ವಯಸ್ಸಿಗೆ. ಮನೆಗೆಲಸ ಮುಗಿಸಿ ಬರೆಯೋಣ ಅಂತ ಕಾಯುತ್ತಿರುವ ನನ್ನ ಗೆಳತಿಯರು ಇದನ್ನು ಗಮನಿಸಬೇಕು. ಹಾಂ, ಮನೆಗೆಲಸ ಮುಗಿಯುವುದಿಲ್ಲ, ಅದೂ ಗೊತ್ತಿರಲಿ.

ಮಗಳ ಫೋನಿನಲ್ಲಿ ಒಂದು ಆ್ಯಪ್ ಇದೆ. ರಾತ್ರಿ ಒಂಬತ್ತಕ್ಕೆ ಟಿಣ್ ಅಂತ ಸದ್ದು ಮಾಡಿ, ಇವತ್ತು ನೀವು ಯಾವ ಮೂರು ವಿಷಯಕ್ಕೆ ಕೃತಜ್ಞರು ಅಂತ ಕೇಳುತ್ತದೆ. ಬಿಸಿ ಕಾಫಿ, ಒಳ್ಳೇ ನಿದ್ದೆ, ತಂಗಾಳಿ ಅಂತ ಬರೆದರೆ ಅದಕ್ಕೆ ಖುಷಿ. ನಮ್ಮಜ್ಜಿಯರು ಋಣ ಅನ್ನುತ್ತಿದ್ದರು. ಋಣ ಅಂದರೆ ತೀರಿಸಬೇಕು. ಚಿಕ್ಕಮ್ಮನ ಋಣ ನನ್ನ ಮೇಲಿದೆ ಅಂತ ಇಪ್ಪತ್ತೊಂಬತ್ತನೇ ಪುಟ ಓದುವಾಗ ಅನ್ನಿಸಿತು. ತೀರಿಸುವ ದಾರಿಯೂ ಪಕ್ಕದಲ್ಲೇ ಕೂತಿತ್ತು.

ಪುಸ್ತಕ ಮುಚ್ಚಿ ಮಗಳನ್ನು ಕೇಳಿದೆ. ನಿದ್ದೆ ಬರುತ್ತಾ? ತಲೆಯಲ್ಲಿ ಏನಾದರೂ ಓಡುತ್ತಾ? ಅವಳು ನಕ್ಕಳು. ಆಮೇಲೆ, ಐದನೇ ದಿನದಿಂದ ಒಂದು ವಾರ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ, ಈಗ ಪರವಾಗಿಲ್ಲ ಅಂದಳು. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಾಗಿರಲಿಲ್ಲ! ನಾನೂ ಹಾಲು ಸಾಕಾಗುತ್ತಾ ಅಂತಲೇ ಕೇಳುತ್ತಿದ್ದೆ. ಅವತ್ತು ನನ್ನ 1995ನ್ನು ಅವಳಿಗೆ ಹೇಳಿದೆ.

ಮನೆಯಲ್ಲಿ ಬಾಣಂತಿ ಇರುವವರಿಗೆ ಇಷ್ಟು ತಿಳಿದಿರಲಿ. ಮೊದಲ ದಿನಗಳ ಅಳು ತುಂಬಾ ಜನರಿಗೆ ಬರುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ಹೋಗುತ್ತದೆ. ಅದಕ್ಕಿಂತ ಜಾಸ್ತಿ ದಿನ ಇದ್ದರೆ ಡಾಕ್ಟರಿಗೆ ತೋರಿಸಿ. ಇಲ್ಲದ್ದು ಕಾಣುವುದು, ಕೇಳಿಸುವುದು ಅಥವಾ ತನಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಅನ್ನಿಸುವುದು ಇದ್ದರೆ ಅವತ್ತೇ ಹೋಗಿ, ಅವಳನ್ನು ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ. ಕಾವೇರಿಗೆ ಅದು ಸಿಗಲಿಲ್ಲ.

ಶುಕ್ರವಾರ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವಳಿಗೀಗ ಎಪ್ಪತ್ತೆಂಟು, ಕಿವಿ ಮಂದ. ಎಲ್ಲವನ್ನೂ ಕೂಗಿ ಕೂಗಿ ಹೇಳಿದೆ. ಬಾವಿ, ಅಂಟಿನುಂಡೆ, ‘ನೀನು ತ್ರಿವೇಣಿ ಓದಿಲ್ಲ’. ನೀನು ಅವತ್ತು ಬರದಿದ್ದರೆ ನಾನು ಇರುತ್ತಿರಲಿಲ್ಲವೇನೋ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದಳು, “ಅದ್ಯಾವುದೂ ನಂಗೆ ನೆನಪಿಲ್ಲ ಕಣೆ. ಆದ್ರೆ ಆ ಪುಸ್ತಕ ನಿನ್ನ ಹತ್ರ ಇದ್ಯಲ್ಲ, ಅಕ್ಷರ ದಪ್ಪ ಇದ್ರೆ ಕಳಿಸು. ಓದಿ ವಾಪಸ್ ಕೊಡ್ತೀನಿ.”