ಬಿಗ್ ಬೆನ್ ಐದು ವರ್ಷ ಸುಮ್ಮನಿದ್ದದ್ದು ಸರಿಯೇ

ಲಂಡನ್ನಿನ ಬಿಗ್ ಬೆನ್ ಗಂಟೆಯಲ್ಲಿ ಒಂದು ಬಿರುಕಿದೆ. ಇವತ್ತಿಗೂ ಇದೆ. ನಾವು ಫೋಟೋದಲ್ಲಿ ನೋಡುವ ಗೋಪುರದ ಹೆಸರು ಎಲಿಜಬೆತ್ ಟವರ್. ಬಿಗ್ ಬೆನ್ ಅಂದರೆ ಅದರ ಮೇಲಿರುವ 13.7 ಟನ್ ತೂಕದ ಗಂಟೆ. ರಿಪೇರಿಗೆಂದು 2017ರಿಂದ 2022ರವರೆಗೆ ಇದನ್ನು ಸುಮ್ಮನಿರಿಸಿದ್ದರು.

ಮೊದಲ ಗಂಟೆಯನ್ನು 1856ರಲ್ಲಿ ಎರಕ ಹೊಯ್ದರು. ಬಾರಿಸಿ ನೋಡುವಾಗಲೇ ಒಡೆಯಿತು. ಅದನ್ನು ಕರಗಿಸಿ 1858ರಲ್ಲಿ ವೈಟ್‌ಚಾಪೆಲ್ ಫೌಂಡ್ರಿಯಲ್ಲಿ ಮತ್ತೆ ಹೊಯ್ದರು. 1859ರ ಜುಲೈಯಲ್ಲಿ ಹೊಡೆಯಲು ಶುರುವಾಯಿತು, ಸೆಪ್ಟೆಂಬರಿನಲ್ಲಿ ಮತ್ತೆ ಬಿರುಕು! ಗಡಿಯಾರದ ವಿನ್ಯಾಸ ಮಾಡಿದ ಎಡ್ಮಂಡ್ ಬೆಕೆಟ್ ಡೆನಿಸನ್ ತೀರಾ ಭಾರದ ಸುತ್ತಿಗೆ ಹಾಕಿಸಿದ್ದ ಅನ್ನುವುದು ಫೌಂಡ್ರಿಯವರ ದೂರು. ಎರಕವೇ ಸರಿಯಿಲ್ಲ ಅನ್ನುವುದು ಅವನ ವಾದ. ನನಗೆ ಫೌಂಡ್ರಿಯವರ ಮಾತೇ ಸರಿ ಅನ್ನಿಸುತ್ತದೆ.

ಸುಮಾರು ನಾಲ್ಕು ವರ್ಷ ಗಂಟೆ ಮಾತಾಡಲಿಲ್ಲ. ಆಮೇಲೆ ದಾರಿ ತೋರಿಸಿದ್ದು ರಾಜಖಗೋಳಜ್ಞ ಜಾರ್ಜ್ ಏರಿ. ಅವನ ಸಲಹೆ ಇದು: ಗಂಟೆಯನ್ನು ಸ್ವಲ್ಪ ತಿರುಗಿಸಿ, ಏಟು ಬೇರೆ ಕಡೆ ಬೀಳುವಂತೆ ಮಾಡಿ. ಸುತ್ತಿಗೆ ಹಗುರ ಮಾಡಿ. ಬಿರುಕು ಮುಂದೆ ಹರಿಯದಂತೆ ಅಲ್ಲೊಂದು ಚೌಕದ ತುಂಡು ಕತ್ತರಿಸಿ ತೆಗೆಯಿರಿ. ಅಷ್ಟೇ. ಆ ಗಂಟೆಯೇ ಇಂದಿಗೂ ಹೊಡೆಯುತ್ತಿದೆ. ಒಡೆದದ್ದನ್ನು ಎಸೆಯದೆ ಉಳಿಸಿಕೊಂಡ ಈ ಜಾಣತನ ನನಗೆ ತುಂಬಾ ಇಷ್ಟ.

ಇದು ನಮ್ಮ ದೇವಸ್ಥಾನದ ಗಂಟೆಯ ಹಾಗೆ ಒಳಗಿನ ನಾಲಿಗೆಯಿಂದ ಬಾರಿಸುವುದಲ್ಲ. ಗಂಟೆ ಅಲ್ಲಾಡುವುದೇ ಇಲ್ಲ. ಕೆಳಗಿನ ಕೋಣೆಯ ಯಂತ್ರ ತಂತಿ ಎಳೆಯುತ್ತದೆ, 200 ಕೆಜಿ ಸುತ್ತಿಗೆ ಮೇಲೆದ್ದು ಹೊರಗಿನಿಂದ ಬಡಿಯುತ್ತದೆ. ಕಾಲು ಗಂಟೆಗೊಮ್ಮೆ ರಾಗ ನುಡಿಸಲು ಪಕ್ಕದಲ್ಲಿ ಬೇರೆ ನಾಲ್ಕು ಗಂಟೆಗಳಿವೆ. ಯಂತ್ರಕ್ಕೆ ಶಕ್ತಿ ಕೊಡುವುದು ಮೇಲಿನಿಂದ ಇಳಿಯುವ ಭಾರೀ ತೂಕಗಳು. ಅವು ಧಡಾರನೆ ಇಳಿಯದಂತೆ ತಡೆಯುವುದು ಗಾಳಿಗೆ ಎದುರಾಗಿ ತಿರುಗುವ ರೆಕ್ಕೆಗಳು.

ಆ ರೆಕ್ಕೆಗಳ ಬೆಲೆ ಗೊತ್ತಾಗಿದ್ದು 1976ರ ಆಗಸ್ಟ್ 5ರ ಬೆಳಗಿನ ಜಾವ. ವರ್ಷಗಟ್ಟಲೆ ದುಡಿದು ಸವೆದ ಅವುಗಳ ಶಾಫ್ಟ್ ಮುರಿಯಿತು. ಟನ್ನುಗಟ್ಟಲೆ ತೂಕ ಒಮ್ಮೆಲೇ ಕೆಳಗಿಳಿಯಿತು. ಯಂತ್ರದ ತುಂಡುಗಳು ಕೋಣೆ ತುಂಬಾ ಸಿಡಿದವು. ಪೂರ್ತಿ ಸರಿಹೋಗಲು ಮುಂದಿನ ವರ್ಷದ ಮೇ ತಿಂಗಳಾಯಿತು. ಹೊರಗಿನಿಂದ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು, ಅಲ್ವಾ? ಒಳಗೆ ಲೋಹ ಸೋತಿತ್ತು.

ಅದಕ್ಕೇ 2017ರಲ್ಲಿ ದೊಡ್ಡ ರಿಪೇರಿ ಶುರುವಾಗಿ, ಆಗಸ್ಟ್ 21ರ ಮಧ್ಯಾಹ್ನ ಗಂಟೆ ನಿಲ್ಲಿಸಿದಾಗ ಎದ್ದ ಗಲಾಟೆ ನನಗೆ ಅರ್ಥವಾಗಲಿಲ್ಲ. ಆಗಿನ ಪ್ರಧಾನಿ ಥೆರೇಸಾ ಮೇ ಕೂಡ ಇಷ್ಟು ವರ್ಷ ನಿಲ್ಲಿಸುವುದು ಸರಿಯಲ್ಲ ಅಂದರು. ಆದರೆ ಸುಮಾರು 118 ಡೆಸಿಬಲ್ ಸದ್ದಿನ ಪಕ್ಕದಲ್ಲಿ ನಿಂತು ಕೆಲಸ ಮಾಡುವವರ ಕಿವಿ ಏನಾಗಬೇಕು? ಅವರ ಕಿವಿಗಿಂತ ನಮ್ಮ ಅಭ್ಯಾಸ ದೊಡ್ಡದಾ? ಹೊಸ ವರ್ಷ, ಯುದ್ಧಸ್ಮರಣೆಯಂಥ ದಿನಗಳಲ್ಲಿ ಹೇಗೂ ವಿದ್ಯುತ್ ಸುತ್ತಿಗೆಯಿಂದ ಹೊಡೆಸುತ್ತಿದ್ದರು.

ಅಷ್ಟರಲ್ಲಿ ಯಂತ್ರವನ್ನು ಮೊದಲ ಸಲ ಪೂರ್ತಿ ಬಿಚ್ಚಿ ಕಂಬ್ರಿಯಾದ ವರ್ಕ್‌ಶಾಪಿಗೆ ಒಯ್ದರು. ಗಂಟೆಗಳು ಮಾತ್ರ ಇದ್ದಲ್ಲೇ ಉಳಿದವು. ಗೋಪುರದ ಕಲ್ಲಿನಲ್ಲಿ ಎರಡನೇ ಮಹಾಯುದ್ಧದ ಬಾಂಬ್ ಪೆಟ್ಟುಗಳು ಪತ್ತೆಯಾದವು. ಕಪ್ಪಾಗಿದ್ದ ಗಡಿಯಾರದ ಮುಳ್ಳುಗಳಿಗೆ ಮೊದಲಿನ ನೀಲಿ ಬಣ್ಣ ಮರಳಿತು. 2.9 ಕೋಟಿ ಪೌಂಡ್ ಅಂದುಕೊಂಡಿದ್ದ ಖರ್ಚು ಸುಮಾರು 8 ಕೋಟಿಗೆ ಏರಿತು. ಇದು ಸಣ್ಣ ದುಡ್ಡಲ್ಲ, ಪ್ರಶ್ನೆ ಕೇಳಲೇಬೇಕು. ಆದರೂ ಅರ್ಧಂಬರ್ಧ ತೇಪೆ ಹಾಕಿ ಕೈತೊಳೆದುಕೊಳ್ಳುವುದಕ್ಕಿಂತ ಇದೇ ಮೇಲು ಅಂತ ನನ್ನ ನಂಬಿಕೆ. ದುಃಖದ ವಿಷಯ ಅಂದರೆ, ಈ ಗಂಟೆಯನ್ನು ಹೊಯ್ದ ವೈಟ್‌ಚಾಪೆಲ್ ಫೌಂಡ್ರಿ ಅದೇ 2017ರಲ್ಲಿ ಬಾಗಿಲು ಹಾಕಿತು.

2022ರ ನವೆಂಬರ್ 13ರಿಂದ ಗಂಟೆ ಮತ್ತೆ ದಿನನಿತ್ಯ ಹೊಡೆಯುತ್ತಿದೆ. ಗಡಿಯಾರಕ್ಕೆ ಈಗಲೂ ವಾರಕ್ಕೆ ಮೂರು ಸಲ ಕೀ ಕೊಡುತ್ತಾರೆ. ಲೋಲಕದ ಮೇಲೆ ಹಳೇ ಪೆನ್ನಿ ನಾಣ್ಯಗಳಿವೆ. ಒಂದು ನಾಣ್ಯ ಸೇರಿಸಿದರೆ ದಿನಕ್ಕೆ 0.4 ಸೆಕೆಂಡ್ ಮುಂದೆ, ತೆಗೆದರೆ ಅಷ್ಟೇ ಹಿಂದೆ. ಇದನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಬಹುದಲ್ಲ ಅನ್ನುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಆ ಕೆಲಸ ಬಲ್ಲವರ ಕೈ ತಪ್ಪಿಹೋದರೆ, ಮುಂದಿನ ರಿಪೇರಿಗೆ ಯಂತ್ರದ ಕಿವಿ ಹಿಂಡಿ ಕೇಳುವವರೇ ಇರುವುದಿಲ್ಲ.

ಲಂಡನ್ನಿನಲ್ಲಿರುವ ನಮ್ಮವರಿಗೆ, ಅಲ್ಲಿಗೆ ಹೋಗುವವರಿಗೆ ಒಂದು ಮಾತು: ಗೋಪುರದ ಟೂರ್ ಮತ್ತೆ ಶುರುವಾಗಿದೆ, ಟಿಕೆಟ್ ಮೊದಲೇ ಬುಕ್ ಮಾಡಿ. 334 ಮೆಟ್ಟಿಲು ಹತ್ತಬೇಕು, ಲಿಫ್ಟ್ ನಂಬಿಕೊಳ್ಳಬೇಡಿ. ಸೆಲ್ಫಿ ಆಮೇಲೆ. ಮೊದಲು ಆ ಬಿರುಕು ಎಲ್ಲಿದೆ ಅಂತ ಗೈಡ್ ಹತ್ತಿರ ಕೇಳಿ ತಿಳಿದುಕೊಳ್ಳಿ.