ರೈತನಿಗೆ ಮನ್ನಾ, ಧಣಿಗೆ ಹೇರ್‌ಕಟ್

ಸಾಲ ತೀರಿಸಲಾಗದವರಿಗೆ ನಮ್ಮ ವ್ಯವಸ್ಥೆ ದುಡ್ಡು ಕೊಡಲಿ ಬಿಡಲಿ, ಪದಗಳನ್ನಂತೂ ಕೈಬಿಚ್ಚಿ ಕೊಡುತ್ತದೆ. ಯಾರಿಗೆ ಯಾವ ಪದ ಅನ್ನುವುದು ಮಾತ್ರ ಸಾಲದ ಗಾತ್ರ ನೋಡಿ ತೀರ್ಮಾನವಾಗುತ್ತದೆ. ಐವತ್ತು ಸಾವಿರ ಬಾಕಿ ಉಳಿಸಿಕೊಂಡವನು ಸುಸ್ತಿದಾರ. ಐವತ್ತು ಸಾವಿರ ಕೋಟಿ ಉಳಿಸಿಕೊಂಡರೆ ಅದು ‘ಒತ್ತಡಕ್ಕೊಳಗಾದ ಆಸ್ತಿ’. ಸುಸ್ತಿಗೆ ನೋಟಿಸು ಮದ್ದು. ಒತ್ತಡಕ್ಕೆ ಪಾಪ, ವಿಶ್ರಾಂತಿ ಬೇಕಲ್ಲ.

2008ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯ ಹೆಸರೇ ‘ಕೃಷಿ ಸಾಲ ಮನ್ನಾ ಮತ್ತು ಸಾಲ ಪರಿಹಾರ ಯೋಜನೆ’. ಒಂದೇ ಹೆಸರಿನಲ್ಲಿ ಎರಡೆರಡು ಕರುಣೆ ಏಕೆ ಅಂತೀರಾ? ಎರಡು ಹೆಕ್ಟೇರ್, ಅಂದರೆ ಸುಮಾರು ಐದು ಎಕರೆ ಒಳಗಿದ್ದವನಿಗೆ ಮನ್ನಾ. ಅದರ ಮೇಲೆ ನಾಲ್ಕು ಗುಂಟೆ ಹೆಚ್ಚಿದ್ದರೆ ಪರಿಹಾರ. ಪರಿಹಾರ ಅಂದರೆ, ಮುಕ್ಕಾಲು ಪಾಲು ನೀನು ಕಟ್ಟು, ಆಮೇಲೆ ಕಾಲು ಪಾಲು ನಾವು ಬಿಡುತ್ತೇವೆ. ಕಟ್ಟಲು ಕಾಸಿಲ್ಲ ಎಂದು ಬಂದವನಿಗೆ ಮೊದಲು ಮುಕ್ಕಾಲು ಕಟ್ಟಿ ಬಾ ಅನ್ನುವುದನ್ನು ಪರಿಹಾರ ಎಂದು ಕರೆಯಲು ಧೈರ್ಯ ಬೇಕು. ಮಲೆನಾಡಿನ ನಾಲ್ಕೆಕರೆ ಅಡಿಕೆ ತೋಟದವನು ಈ ಲೆಕ್ಕದಲ್ಲಿ ಸಣ್ಣವನು. ಮಳೆಗೆ ಬಾಯ್ಬಿಟ್ಟು ಕೂತ ಆರೆಕರೆ ಎರೆಹೊಲದವನು ದೊಡ್ಡವನು. ಕರುಣೆಯನ್ನು ಸರಪಳಿ ಹಿಡಿದು ಅಳೆದರೆ ಹೀಗೇ ಆಗುವುದು.

2018ರಲ್ಲಿ ಕುಮಾರಸ್ವಾಮಿಯವರ ಬಜೆಟ್ಟಿನಲ್ಲಿ 34,000 ಕೋಟಿಯ ಬೆಳೆಸಾಲ ಮನ್ನಾ ಘೋಷಣೆಯಾಯಿತು. ಆಧಾರ್, ಪಡಿತರ ಚೀಟಿ, ಪಹಣಿ, ಒಂದು ಕುಟುಂಬಕ್ಕೆ ಎರಡು ಲಕ್ಷದ ಮಿತಿ. ಕ್ಷಮೆ ಸಿಗಲು ಇಷ್ಟು ಜೆರಾಕ್ಸ್ ಬೇಕು ಅಂತ ಯಾವ ಪುರಾಣದಲ್ಲೂ ಓದಿದ ನೆನಪಿಲ್ಲ.

ಆದರೆ ಮನ್ನಾದ ಬಾಲ ಎಷ್ಟುದ್ದ ಅಂತ ತಿಳಿಯಬೇಕಾದರೆ 2020ರ ಶಿವಮೊಗ್ಗ ಜಿಲ್ಲೆಗೆ ಹೋಗಬೇಕು. ಅಲ್ಲಿನ ರೈತರೊಬ್ಬರ 35,000 ರೂಪಾಯಿ ಸಾಲದಲ್ಲಿ 32,000 ಮನ್ನಾ ಆಗಿತ್ತು. ಉಳಿದ ಮೂರು ಸಾವಿರವನ್ನು ಅವರೇ ಕಟ್ಟಿದ್ದರು. ಬ್ಯಾಂಕಿನಿಂದ ಫೋನು ಬಂತು: ಬಾಕಿ ಇದೆ, ತಕ್ಷಣ ಬಂದು ಕಟ್ಟಿ. ಕೊರೋನಾ ಕಾಲ, ಬಸ್ಸಿಲ್ಲ. ಹದಿನೈದು ಕಿಲೋಮೀಟರ್ ನಡೆದೇ ಹೋದರು. ಬಾಕಿ ಇದ್ದದ್ದು ಮೂರು ರೂಪಾಯಿ ನಲವತ್ತಾರು ಪೈಸೆ. ಆ ನಲವತ್ತಾರು ಪೈಸೆಯನ್ನು ಯಾವ ನಾಣ್ಯದಲ್ಲಿ ಎಣಿಸಿಕೊಂಡರೋ! ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳನ್ನೆಲ್ಲ 2011ರಲ್ಲೇ ಚಲಾವಣೆಯಿಂದ ತೆಗೆದಾಗಿದೆ.

ಬರ ಬಂದಾಗ ಸಿಗುವುದಕ್ಕೂ ಜನ ಪರಿಹಾರ ಅಂತಲೇ ಅನ್ನುತ್ತಾರೆ. ಕಡತದಲ್ಲಿ ಅದರ ಹೆಸರು ‘ಇನ್‌ಪುಟ್ ಸಬ್ಸಿಡಿ’: 2023ರಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಇತ್ತು. ಒಣಗಿದ ಬೆಳೆಗಲ್ಲ, ಮುಂದೆ ಬಿತ್ತುವ ಬೆಳೆಗೆ ಇದು ಎಂದು ಅರ್ಥ ಮಾಡಿಕೊಳ್ಳಬೇಕು. 2023ರ ಬರಕ್ಕೆ ಕರ್ನಾಟಕ 18,171 ಕೋಟಿ ಕೇಳಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಬಂದದ್ದು ಸುಮಾರು 3,454 ಕೋಟಿ. ಬಂದ ಆ ಹಣವನ್ನೂ ರೈತರ ಹಳೇ ಸಾಲಕ್ಕೆ ಮುರಿದುಕೊಳ್ಳಬೇಡಿ ಎಂದು ಬ್ಯಾಂಕುಗಳಿಗೆ ತಾಕೀತು ಮಾಡಬೇಕಾಯಿತು. ಒಂದು ಕೈಯಲ್ಲಿ ಪರಿಹಾರ, ಇನ್ನೊಂದು ಕೈಯಲ್ಲಿ ವಸೂಲಿ.

ಈಗ ಮಹಡಿ ಹತ್ತೋಣ. ಮೇಲೆ ಎಸಿ ಇದೆ, ಭಾಷೆಯೂ ತಣ್ಣಗಿದೆ. ಇಲ್ಲಿ ‘ಮನ್ನಾ’ ಅಂದರೆ ಬೈಗುಳ. ‘ರೈಟ್ ಆಫ್’ ಅನ್ನಬೇಕು, ಅಂದರೆ ಸಾಲವನ್ನು ಲೆಕ್ಕದ ಪುಸ್ತಕದಿಂದ ತೆಗೆಯುವುದು. 2023-24ರವರೆಗಿನ ಹತ್ತು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು ಹೀಗೆ ತೆಗೆದುಹಾಕಿದ್ದು 16.35 ಲಕ್ಷ ಕೋಟಿ ಎಂದು ಸಂಸತ್ತಿನಲ್ಲೇ ಉತ್ತರ ಸಿಕ್ಕಿದೆ. ಜೊತೆಗೆ ತಪ್ಪದೆ ಒಂದು ಮಂತ್ರ: ರೈಟ್ ಆಫ್ ಅಂದರೆ ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ. ಲೆಕ್ಕಶಾಸ್ತ್ರದ ಪ್ರಕಾರ ಇದು ನೂರಕ್ಕೆ ನೂರು ನಿಜ. ನನ್ನದೊಂದೇ ಬಿನ್ನಹ. ಆ ಮೂರು ರೂಪಾಯಿ ನಲವತ್ತಾರು ಪೈಸೆಯನ್ನೂ ಹೀಗೇ ಪುಸ್ತಕದಿಂದ ತೆಗೆದು, ‘ಮನ್ನಾ ಅಲ್ಲ’ ಅಂತ ಷರಾ ಬರೆದು, ವಸೂಲಿ ಮುಂದುವರಿಸಬಹುದಿತ್ತಲ್ಲ?

ಇದಕ್ಕೂ ಮೇಲಿನ ಮಹಡಿಯಲ್ಲಿ ಸಿಗುವುದು, ಬಾಕಿಯ ಒಂದು ಪಾಲನ್ನು ಕತ್ತರಿಸಿ ಬಿಡುವ ‘ಹೇರ್‌ಕಟ್’. ನಮ್ಮ ಕಡೆ ‘ತಲೆ ಬೋಳಿಸಿದ’ ಅಂದರೆ ಜಗಳವಾಗುತ್ತದೆ, ಅಲ್ಲಿ ಅದಕ್ಕೆ ಒಪ್ಪಿಗೆಯ ಮೊಹರು ಬೀಳುತ್ತದೆ. ದಿವಾಳಿಯಾದ ವಿಡಿಯೋಕಾನ್ ಸಮೂಹದ ಮೇಲೆ ಒಪ್ಪಿತವಾದ ಬಾಕಿ ಸುಮಾರು 64,800 ಕೋಟಿ. ಕೊಳ್ಳಲು ಬಂದವರು ಕೊಡುತ್ತೇವೆಂದದ್ದು 2,962 ಕೋಟಿ. ಇದು ಹೇರ್‌ಕಟ್ಟೋ ಪೂರಾ ಬೋಳೋ ಎಂಬ ಧಾಟಿಯಲ್ಲಿ ದಿವಾಳಿ ಪ್ರಕರಣ ಕೇಳುವ ಕಂಪನಿ ಕಾನೂನು ನ್ಯಾಯಮಂಡಳಿಯೇ 2021ರಲ್ಲಿ ಬರೆಯಿತು. ಬರೆದು ಒಪ್ಪಿಗೆಯನ್ನೂ ಕೊಟ್ಟಿತು. ಮೇಲ್ಮನವಿ ಮಂಡಳಿ ಮರುವರ್ಷ ಅದನ್ನು ರದ್ದು ಮಾಡಿತೆನ್ನಿ. ಗಮನಿಸಬೇಕಾದ್ದು ತಲೆ ಯಾರದು ಎಂಬುದು. ಸಾಲ ಮಾಡಿದವನದಲ್ಲ, ಕೊಟ್ಟ ಬ್ಯಾಂಕಿನದು. ತಿರುಪತಿಯಲ್ಲಿ ಹರಕೆ ಹೊತ್ತವನೇ ಮುಡಿ ಕೊಡುತ್ತಾನೆ. ಇಲ್ಲಿ ಹರಕೆ ಒಬ್ಬನದು, ಮುಡಿ ಠೇವಣಿದಾರನದು.

ಇನ್ನು ಉದ್ದೇಶಪೂರ್ವಕ ಸುಸ್ತಿದಾರರು, ಅಂದರೆ ಕೈಯಲ್ಲಿ ದುಡ್ಡಿದ್ದೂ ಕಟ್ಟದವರು. ಇವರೊಂದಿಗೂ ಬ್ಯಾಂಕು ರಾಜಿ ಮಾಡಿಕೊಳ್ಳಬಹುದು ಎಂದು ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ಸುತ್ತೋಲೆ ಹೊರಡಿಸಿತು. ಕ್ರಿಮಿನಲ್ ಮೊಕದ್ದಮೆ ಅದರ ಪಾಡಿಗೆ ನಡೆಯುತ್ತದಂತೆ. ರಾಜಿಯಾದ ಮೇಲೆ ಹೊಸ ಸಾಲ ಬೇಕಾದರೆ ಕನಿಷ್ಠ ಹನ್ನೆರಡು ತಿಂಗಳ ‘ಕೂಲಿಂಗ್’ ಅವಧಿ. ಹಳ್ಳಿಯಲ್ಲಿ ಸೊಸೈಟಿಗೆ ಬೆನ್ನು ಹಾಕಿದವನು ಊರ ಜಾತ್ರೆಯಲ್ಲೂ ತಲೆ ತಗ್ಗಿಸಿ ಓಡಾಡುತ್ತಾನೆ, ಅವನಿಗೆ ತಣ್ಣಗಾಗಲು ಯಾರೂ ಸಮಯ ಕೊಟ್ಟದ್ದನ್ನು ಕಾಣೆ.

ಹೊಲವೂ ಇಲ್ಲ, ಕಂಪನಿಯೂ ಇಲ್ಲ ಎನ್ನುವ ನನ್ನಂಥವರು ನಿರಾಶರಾಗಬೇಕಿಲ್ಲ. ನಮಗೆ ‘ರಿಯಾಯಿತಿ’ ಇದೆ. 2023ರ ಫೆಬ್ರುವರಿಯಲ್ಲಿ ಸಂಚಾರ ದಂಡಕ್ಕೆ ಶೇ 50 ಬಿಟ್ಟರು. 2025ರ ಆಗಸ್ಟ್‌ನಲ್ಲಿ ಮತ್ತೆ ಬಿಟ್ಟರು. ಸಿಗ್ನಲ್ ಹಾರಿದ ಮರುದಿನವೇ ಐನೂರು ಕಟ್ಟಿ ರಸೀದಿ ಜೋಪಾನವಾಗಿಟ್ಟ ಸಂಭಾವಿತರನ್ನು ನೋಡಿ ನಮ್ಮ ಬೀದಿಯ ಹುಡುಗರು ಈಗ ಮರುಗುತ್ತಾರೆ. ಅವರ ಲೆಕ್ಕ ಸರಳ: “ಇಷ್ಟು ಬೇಗ ಯಾಕೆ ಕಟ್ಟೋದು ಸಾರ್? ಸೇಲ್ ಬರ್ಲಿ ತಡೀರಿ. ಅಲ್ಲಿವರೆಗೆ ಇನ್ನೆರಡು ಸಿಗ್ನಲ್ ಆಗತ್ತೆ, ಒಟ್ಟಿಗೇ ಕಟ್ಟೋಣ.”